ಹೊಸ ಓಎಸ್‌ಗೆ ಜನವೂ ಸಿಗಲ್ಲ, ದುಡ್ಡೂ ಸಿಗಲ್ಲ. ಯಾಕೆ?

2018ರಲ್ಲಿ ಆಂಡ್ರಿಯಾಸ್ ಕ್ಲಿಂಗ್ ಎಂಬ ಸ್ವೀಡನ್ನಿನ ಪ್ರೋಗ್ರಾಮರ್ ಒಂದು ಆಪರೇಟಿಂಗ್ ಸಿಸ್ಟಮ್ (ಓಎಸ್) ಬರೆಯಲು ಕೂತರು. ಹೆಸರು ಸೆರೆನಿಟಿ ಓಎಸ್. ಯಂತ್ರವನ್ನು ನೇರವಾಗಿ ನಡೆಸುವ ತಿರುಳಾದ ಕರ್ನಲ್‌ನಿಂದ ಹಿಡಿದು ಪರದೆ ಮೇಲಿನ ಬಟನ್‌ವರೆಗೆ ಎಲ್ಲವನ್ನೂ ತಾವೇ ಬರೆಯಬೇಕು, ಹೊರಗಿನವರು ಬರೆದಿಟ್ಟ ಕೋಡ್ (ಲೈಬ್ರರಿ) ಮುಟ್ಟಬಾರದು ಅನ್ನುವುದು ಅಲ್ಲಿನ ಹಠ. ಹಾಗಾಗಿ ವೆಬ್ ಬ್ರೌಸರ್ ಕೂಡ ಅಲ್ಲೇ ಹುಟ್ಟಿತು. ನೂರಾರು ಜನ ಬಂದು ಕೋಡ್ ಬರೆದರು. 2024ರ ಜೂನ್‌ನಲ್ಲಿ ಕ್ಲಿಂಗ್ ಓಎಸ್‌ನ ಹೊಣೆ ಬಿಟ್ಟರು. ಬ್ರೌಸರನ್ನು ಮಾತ್ರ ಎತ್ತಿಕೊಂಡು ಬೇರೆಯಾದರು. ಅದೇ ಲೇಡಿಬರ್ಡ್. ಜುಲೈನಲ್ಲಿ ಅದಕ್ಕಾಗಿ ಒಂದು ಲಾಭರಹಿತ ಸಂಸ್ಥೆ ಶುರುವಾಯಿತು. ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ವಾನ್‌ಸ್ಟ್ರಾತ್ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ಬೇರೆಯಾಗುವಾಗಲೇ ಲೇಡಿಬರ್ಡ್ ಒಂದು ತೀರ್ಮಾನ ಮಾಡಿತ್ತು: ಇನ್ಮೇಲೆ ಲಿನಕ್ಸ್ ಮತ್ತು ಮ್ಯಾಕ್ ಮೇಲೆ ಗಮನ, ಸೆರೆನಿಟಿ ಮೇಲೆ ಓಡಿಸುವ ಕೆಲಸ ಇಲ್ಲ.

ಹುಟ್ಟಿದ ಮನೆಯನ್ನೇ ಪಟ್ಟಿಯಿಂದ ತೆಗೆದುಹಾಕಿದ ಮೇಲೆ ದೊಡ್ಡ ದುಡ್ಡು ಬಂತು. ಕ್ಲಿಂಗ್ ಮೇಲೆ ನನಗೆ ಯಾವ ದೂರೂ ಇಲ್ಲ, ಅವರ ಜಾಗದಲ್ಲಿದ್ದರೆ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಆದರೆ ಪ್ರಯೋಗದ ಓಎಸ್‌ಗಳ ಕಥೆಯನ್ನು ಹಿಂದಕ್ಕೆ ನೋಡುತ್ತಾ ಹೋದರೆ ಪದೇ ಪದೇ ಇದೇ ಕಾಣುತ್ತದೆ. ಒಳಗಿನ ಯಾವುದೋ ಒಂದು ತುಂಡಿಗೆ ಬೆಲೆ ಬರುತ್ತದೆ, ಇಡೀ ಓಎಸ್‌ಗೆ ಬರುವುದಿಲ್ಲ. ಬರೆದವರು ಹೆಚ್ಚಿನ ಸಲ ಈ ಕ್ಷೇತ್ರದ ಅತ್ಯಂತ ಬುದ್ಧಿವಂತರು. ಐಡಿಯಾಗಳೂ ಚೆನ್ನಾಗಿಯೇ ಇರುತ್ತವೆ. ಆದರೂ ಯಾಕೆ ಹೀಗೆ?

ಮೊದಲು ಒಂದು ಮಾತು. ಉಬುಂಟು, ಫೆಡೋರಾ ಥರದ ಓಎಸ್‌ಗಳು ಇಲ್ಲಿ ಲೆಕ್ಕಕ್ಕಿಲ್ಲ. ಅವುಗಳ ಒಳಗಿರುವುದು ಅದೇ ಲಿನಕ್ಸ್ ಕರ್ನಲ್. ಪ್ರಯೋಗದ ಓಎಸ್ ಅಂದರೆ ಮೂಲದಲ್ಲೇ ಏನನ್ನೋ ಬೇರೆ ರೀತಿ ಮಾಡಿ ನೋಡುವುದು. ಕೀಬೋರ್ಡ್, ಪ್ರಿಂಟರ್‌ನಂಥ ಸಾಧನ ನಡೆಸುವ ಕೋಡ್, ಅಂದರೆ ಡ್ರೈವರ್, ಕೆಟ್ಟು ನಿಂತರೂ ಕಂಪ್ಯೂಟರ್ ನಿಲ್ಲಬಾರದು, ಕರ್ನಲ್‌ನಲ್ಲಿ ತಪ್ಪಿಲ್ಲ ಎಂದು ಗಣಿತದಿಂದಲೇ ಸಾಬೀತು ಮಾಡಬೇಕು, ನೆಟ್‌ವರ್ಕ್ ಕೂಡ ಫೈಲ್ ಥರವೇ ಕಾಣಬೇಕು, ಇಂಥವು. ಪ್ಲಾನ್ 9, ಮಿನಿಕ್ಸ್, ಹರ್ಡ್, ಸಿಂಗ್ಯುಲಾರಿಟಿ, ಫ್ಯೂಷಿಯಾ, ರೆಡಾಕ್ಸ್ ಎಲ್ಲ ಈ ಸಾಲಿಗೆ ಸೇರುತ್ತವೆ.

ಓಎಸ್‌ನ ದೊಡ್ಡ ತೊಡಕು ಏನೆಂದರೆ, ಅದನ್ನು ಅದಕ್ಕಾಗಿಯೇ ಯಾರೂ ಬಳಸುವುದಿಲ್ಲ. ನೀವು ಕಂಪ್ಯೂಟರ್ ಆನ್ ಮಾಡುವುದು ಕರ್ನಲ್ ಎಷ್ಟು ಚೆನ್ನಾಗಿ ಕೆಲಸ ಹಂಚುತ್ತದೆ ಅಂತ ನೋಡೋಕೆ ಅಲ್ಲವಲ್ಲ. ಬ್ರೌಸರ್ ಬೇಕು, ಬರೆಯಲು ಏನೋ ಬೇಕು, ವಿಡಿಯೋ ಓಡಬೇಕು, ಪ್ರಿಂಟರ್ ಮಾತು ಕೇಳಬೇಕು. ಆ ಪ್ರೋಗ್ರಾಂಗಳನ್ನು ಬರೆಯುವವರು ಬಳಕೆದಾರರು ಎಲ್ಲಿದ್ದಾರೋ ಅಲ್ಲಿ ಬರೆಯುತ್ತಾರೆ. ಬಳಕೆದಾರರು ಪ್ರೋಗ್ರಾಂ ಎಲ್ಲಿದೆಯೋ ಅಲ್ಲಿರುತ್ತಾರೆ. ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ ಅನ್ನೋ ಗಾದೆ ಇದಕ್ಕೇ ಹುಟ್ಟಿದ ಹಾಗಿದೆ.

ದುಡ್ಡಿದ್ದರೆ ಈ ಸುತ್ತು ಮುರಿಯಬಹುದು ಅನಿಸುತ್ತದೆ. ಬಿಓಎಸ್ ಕಥೆ ನೋಡಿ. ಆಪಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್-ಲೂಯಿ ಗಾಸೆ 1990ರಲ್ಲಿ ಬಿ ಎಂಬ ಕಂಪನಿ ಕಟ್ಟಿದರು. ಹೂಡಿಕೆದಾರರ ಹಣ ಇತ್ತು, ಆಮೇಲೆ ಷೇರು ಮಾರುಕಟ್ಟೆಗೂ ಹೋಯಿತು. ಒಂದೇ ಸಲಕ್ಕೆ ಹಲವು ವಿಡಿಯೋ ಓಡಿಸಿದರೂ ಬಿಓಎಸ್ ತಡವರಿಸುತ್ತಿರಲಿಲ್ಲ. ಆ ಕಾಲಕ್ಕೆ ಅದು ಬೆರಗಿನ ವಿಷಯ. 1996ರಲ್ಲಿ ಆಪಲ್ ಇದನ್ನು ಕೊಳ್ಳುವ ಮಾತುಕತೆ ನಡೆಸಿತು, ಬೆಲೆ ಕುದುರಲಿಲ್ಲ. ಆಪಲ್ ಹೋಗಿ ಸ್ಟೀವ್ ಜಾಬ್ಸ್‌ರ ನೆಕ್ಸ್ಟ್ ಕಂಪನಿಯನ್ನು 40 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡಿತು. ಆಮೇಲೆ ಬಿ ಕಂಪನಿ ಪಿಸಿ ತಯಾರಕರ ಬಾಗಿಲು ತಟ್ಟಿತು. ಹಿಟಾಚಿ ತನ್ನ ಒಂದು ಪಿಸಿಯಲ್ಲಿ ವಿಂಡೋಸ್ ಜೊತೆ ಬಿಓಎಸ್ ಹಾಕಿಕೊಡಲು ಒಪ್ಪಿತು. ಹಾಕಿಯೂ ಕೊಟ್ಟಿತು. ಆದರೆ ಕಂಪ್ಯೂಟರ್ ಆನ್ ಮಾಡಿದಾಗ ಬಿಓಎಸ್ ಇದೆ ಅಂತಲೇ ಕಾಣುತ್ತಿರಲಿಲ್ಲ. ಡಿಸ್ಕಿನಲ್ಲಿತ್ತು, ಆದರೆ ಅದನ್ನು ಎಬ್ಬಿಸಲು ಕೊಂಡವರೇ ಒಂದಷ್ಟು ಕಸರತ್ತು ಮಾಡಬೇಕಿತ್ತು. ಮೈಕ್ರೋಸಾಫ್ಟ್‌ನ ಲೈಸೆನ್ಸ್ ಷರತ್ತುಗಳೇ ಇದಕ್ಕೆ ಕಾರಣ ಎಂದು ಬಿ ಕಂಪನಿ 2002ರಲ್ಲಿ ಮೊಕದ್ದಮೆ ಹೂಡಿತು. ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ ಮರು ವರ್ಷ ಸುಮಾರು 2.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟು ಹೊತ್ತಿಗೆ ಬಿಓಎಸ್ ಅನ್ನು ಪಾಮ್ ಕಂಪನಿಗೆ 1.1 ಕೋಟಿ ಡಾಲರ್‌ಗೆ ಮಾರಿ ಆಗಿತ್ತು. ರಾಜಿಯಲ್ಲಿ ಸಿಕ್ಕ ಹಣ ಮಾರಾಟದ ಬೆಲೆಗಿಂತ ಎರಡು ಪಟ್ಟು. ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಇದನ್ನು ನೋಡಿದ ಹೂಡಿಕೆದಾರ ಮತ್ತೊಂದು ಡೆಸ್ಕ್‌ಟಾಪ್ ಓಎಸ್‌ಗೆ ಹಣ ಹಾಕುತ್ತಾನಾ?

ವ್ಯಾಪಾರದ ಮಾತು ಹಾಗಿರಲಿ, ಕೆಲಸದ ವಿಷಯಕ್ಕೆ ಬರೋಣ. ಹೊಸ ಓಎಸ್ ಬರೆಯುವವರ ಬಹುಪಾಲು ಶ್ರಮವನ್ನು ತಿನ್ನುವುದು ಡ್ರೈವರ್. ಹೊರಗಿನಿಂದ ನೋಡುವವರಿಗೆ ಇದರ ಗಾತ್ರ ಅಂದಾಜಾಗುವುದಿಲ್ಲ. ಹಾಗಾಗಿ ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ: ಕೀಬೋರ್ಡಿನಲ್ಲಿ ಒಂದು ಅಕ್ಷರ ಒತ್ತಿದರೆ ಅದು ಪರದೆ ಮೇಲೆ ಬರಬೇಕು.

ಹಳೆಯ ಪಿಎಸ್/2 ಕೀಬೋರ್ಡ್ ಆದರೆ ಸುಲಭ. ಕೀ ಒತ್ತಿದ ತಕ್ಷಣ ಪ್ರೊಸೆಸರ್‌ಗೆ ‘ಇತ್ತ ನೋಡು’ ಎಂಬ ಸಂಕೇತ, ಅಂದರೆ ಇಂಟರಪ್ಟ್, ಬರುತ್ತದೆ. ಗೊತ್ತಿರುವ ಒಂದು ಪೋರ್ಟ್‌ನಿಂದ ಒಂದು ಬೈಟ್ ಓದಿದರೆ ಯಾವ ಕೀ ಅಂತ ತಿಳಿಯುತ್ತದೆ. ಹತ್ತಿಪ್ಪತ್ತು ಸಾಲಿನ ಕೋಡ್ ಸಾಕು. ಓಎಸ್ ಬರೆಯಲು ಕಲಿಯುವವರೆಲ್ಲ ಇಲ್ಲಿಂದಲೇ ಶುರು ಮಾಡುವುದು, ಇಲ್ಲಿ ಸಿಗುವ ಖುಷಿಯೂ ದೊಡ್ಡದು.

ಈಗ ಯುಎಸ್‌ಬಿ ಕೀಬೋರ್ಡ್ ಚುಚ್ಚಿ ನೋಡಿ. ಮೊದಲು ಸಾಧನಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐ ಬಸ್‌ನಲ್ಲಿ ಹುಡುಕಿ ಯುಎಸ್‌ಬಿ ಕಂಟ್ರೋಲರ್ ಎಲ್ಲಿದೆ ಅಂತ ಪತ್ತೆ ಮಾಡಬೇಕು. ಅದರ ರಿಜಿಸ್ಟರ್‌ಗಳನ್ನು ಮೆಮೊರಿಗೆ ತಂದುಕೊಳ್ಳಬೇಕು. ಕಂಟ್ರೋಲರ್‌ಗೆ ಆಜ್ಞೆ ಕೊಡಲು ಒಂದು ಸಾಲು, ಅದರಿಂದ ಸುದ್ದಿ ಪಡೆಯಲು ಇನ್ನೊಂದು ಸಾಲು, ಡೇಟಾ ಸಾಗಿಸಲು ಪ್ರತಿ ಸಾಧನಕ್ಕೂ ಬೇರೆ ಬೇರೆ ಸಾಲುಗಳನ್ನು ಮೆಮೊರಿಯಲ್ಲಿ ಕಟ್ಟಬೇಕು. ಪೋರ್ಟನ್ನು ರೀಸೆಟ್ ಮಾಡಿ, ಸಾಧನಕ್ಕೆ ಒಂದು ವಿಳಾಸ ಕೊಟ್ಟು, ‘ನೀನು ಯಾರು’ ಅಂತ ಕೇಳಿ, ಬಂದ ಉತ್ತರವನ್ನು ಬಿಡಿಸಿ ಓದಬೇಕು. ನಡುವೆ ಹಬ್ ಇದ್ದರೆ ಅದಕ್ಕೂ ಇಷ್ಟೇ ಉಪಚಾರ. ಆಮೇಲೆ ಇಷ್ಟಿಷ್ಟು ಮಿಲಿಸೆಕೆಂಡಿಗೊಮ್ಮೆ ‘ಯಾವುದಾದರೂ ಕೀ ಒತ್ತಿದ್ದಾರಾ’ ಅಂತ ಕೇಳುತ್ತಾ ಇರಬೇಕು. ಸಾವಿರಾರು ಸಾಲಿನ ಕೋಡ್ ಆಯಿತು. ಸಿಕ್ಕಿದ್ದು ಒಂದು ‘ಅ’.

ಲ್ಯಾಪ್‌ಟಾಪ್ ಆದರೆ ಇನ್ನೊಂದು ಗೋಜಲು. ಬ್ಯಾಟರಿ ಎಷ್ಟಿದೆ, ಮುಚ್ಚಳ ಮುಚ್ಚಿದೆಯಾ, ಟಚ್‌ಪ್ಯಾಡ್ ಯಾವ ತಂತಿಯಲ್ಲಿದೆ ಎಂಬ ವಿವರ ಎಸಿಪಿಐ ಎಂಬ ಪಟ್ಟಿಯಲ್ಲಿರುತ್ತದೆ. ಪಟ್ಟಿ ಅಂದರೆ ಸುಮ್ನೆ ಓದುವ ಪಟ್ಟಿಯಲ್ಲ, ಅದರೊಳಗೆ ಒಂದು ಪುಟ್ಟ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇರುತ್ತದೆ. ಬ್ಯಾಟರಿ ಶೇಕಡಾ ತೋರಿಸಬೇಕಾದರೆ ಓಎಸ್ ಆ ಭಾಷೆಯನ್ನು ಅರ್ಥ ಮಾಡಿಕೊಂಡು ಆ ಪ್ರೋಗ್ರಾಮನ್ನು ಓಡಿಸಬೇಕು. ವೈಫೈ ಚಿಪ್, ಗ್ರಾಫಿಕ್ಸ್ ಕಾರ್ಡ್ ಕಡೆಗೆ ನಾನು ಹೋಗುವುದೇ ಇಲ್ಲ. ಲಿನಕ್ಸ್ ಕರ್ನಲ್‌ನಲ್ಲಿ 2025ರ ಹೊತ್ತಿಗೆ ಸುಮಾರು 4 ಕೋಟಿ ಸಾಲು ಕೋಡ್ ಇತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ. ಅದರ ದೊಡ್ಡ ಪಾಲು ಬರೆದವರು ಚಿಪ್ ಮಾಡುವ ಕಂಪನಿಗಳಲ್ಲಿ ಸಂಬಳ ತೆಗೆದುಕೊಳ್ಳುವ ಎಂಜಿನಿಯರ್‌ಗಳು, ಚಿಪ್‌ನ ಒಳ ದಾಖಲೆ ಎದುರಿಗಿಟ್ಟುಕೊಂಡು. ಹತ್ತು ಜನರ ಹವ್ಯಾಸಿ ತಂಡಕ್ಕೆ ಆ ದಾಖಲೆ ಎಷ್ಟೋ ಸಲ ಸಿಗುವುದೇ ಇಲ್ಲ.

ದಾರಿ ಇಲ್ಲ ಅಂತಲ್ಲ, ಬೇರೆಯವರಿಂದ ಕಡ ತರಬಹುದು. ಬಿಓಎಸ್ ಮುಳುಗಿದ ಮೇಲೆ ಅದರ ಅಭಿಮಾನಿಗಳು ಅದನ್ನೇ ಹೊಸದಾಗಿ ಬರೆಯಲು ಹೊರಟರು. ಅದು ಹೈಕು. ಹೈಕು ತನ್ನ ನೆಟ್‌ವರ್ಕ್ ಡ್ರೈವರ್‌ಗಳನ್ನು ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ಓಎಸ್‌ಗಳಿಂದ ತಂದುಕೊಂಡಿತು; ಇವು ಯುನಿಕ್ಸ್ ಎಂಬ ಹಳೆಯ ಓಎಸ್‌ನ ಕುಟುಂಬದವು, ಲಿನಕ್ಸ್ ಕೂಡ ಅದರ ಮಾದರಿಯಲ್ಲೇ ಬರೆದದ್ದು. ಆ ಡ್ರೈವರ್‌ಗಳ ಕೋಡನ್ನು ಹಾಗೇ ಓಡಿಸಲು ಬೇಕಾದ ಒಂದು ಪದರವನ್ನು ಬರೆಯಿತು. ಮುಕ್ತ ಸಾಫ್ಟ್‌ವೇರ್ ಕಟ್ಟುವ ಗ್ನೂ ಯೋಜನೆಯ ಹರ್ಡ್ ಕೂಡ ಬಹಳ ಕಾಲ ಲಿನಕ್ಸ್‌ನ ತೀರಾ ಹಳೆಯ ಡ್ರೈವರ್‌ಗಳ ಮೇಲೆಯೇ ದಿನ ದೂಡಿತು. ಇನ್ನೊಂದು ದಾರಿ ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್. ಕ್ಯೂಎಂಯು ಥರದ ಸಾಫ್ಟ್‌ವೇರ್ ಒಳಗೆ ಡಿಸ್ಕ್, ನೆಟ್‌ವರ್ಕ್, ಪರದೆ ಎಲ್ಲವೂ ವರ್ಟ್‌ಐಓ ಎಂಬ ಒಂದೇ ಸರಳ ಪದ್ಧತಿಯಲ್ಲಿ ಸಿಗುತ್ತವೆ. ಬರೆಯುವವರಿಗೆ ಇದು ವರವೇ. ಆದರೆ ವಿಂಡೋಸ್ ಒಳಗಿನ ಒಂದು ಕಿಟಕಿಯಲ್ಲಿ ಓಡುವ ಓಎಸ್ ನೋಡಿ ಯಾರೂ ತಮ್ಮ ಲ್ಯಾಪ್‌ಟಾಪ್ ಒರೆಸಿ ಅದನ್ನು ಹಾಕಿಕೊಳ್ಳುವುದಿಲ್ಲ. ದಿನಾ ಬಳಸದ ಓಎಸ್‌ನ ಬಗ್‌ಗಳೂ ಕಣ್ಣಿಗೆ ಬೀಳುವುದಿಲ್ಲ.

ಡ್ರೈವರ್ ಮುಗಿಯಿತು ಅಂತಿಟ್ಟುಕೊಳ್ಳಿ. ಈಗ ನಿಜವಾದ ಇಕ್ಕಟ್ಟು. ನನ್ನ ಪ್ರಕಾರ ಇಡೀ ವಿಷಯದ ಮರ್ಮ ಇಲ್ಲಿದೆ.

ಜನಕ್ಕೆ ಬೇಕಾದ ಪ್ರೋಗ್ರಾಂಗಳನ್ನೆಲ್ಲ ಹೊಸದಾಗಿ ಬರೆಯೋಕೆ ಆಗಲ್ಲ. ಇರುವುದನ್ನು ಪೋರ್ಟ್ ಮಾಡಬೇಕು, ಅಂದರೆ ಲಿನಕ್ಸ್ ಅಥವಾ ಯುನಿಕ್ಸ್‌ಗಾಗಿ ಬರೆದದ್ದನ್ನು ಇಲ್ಲಿ ಓಡುವಂತೆ ಮಾಡಬೇಕು. ಆ ಪ್ರೋಗ್ರಾಂಗಳು ಯುನಿಕ್ಸ್‌ನ ಐವತ್ತು ವರ್ಷ ಹಳೆಯ ರೂಢಿಗಳನ್ನು ನಂಬಿಕೊಂಡಿವೆ. ಅಂಥ ಒಂದು ರೂಢಿ ‘ಫೋರ್ಕ್’. ಯುನಿಕ್ಸ್‌ನಲ್ಲಿ ಹೊಸ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಬೇಕಾದರೆ ಇರುವ ಪ್ರೋಸೆಸ್ ತನ್ನದೇ ಪ್ರತಿ ಮಾಡಿಕೊಳ್ಳುತ್ತದೆ. ತೆರೆದ ಫೈಲ್, ಮೆಮೊರಿ, ಹಕ್ಕು ಎಲ್ಲವೂ ಪ್ರತಿಗೂ ಬರುತ್ತವೆ. ಗೂಗಲ್‌ನ ಫ್ಯೂಷಿಯಾ ಓಎಸ್‌ನ ಕರ್ನಲ್ ಜಿರ್ಕಾನ್. ಅದರ ಮೂಲ ಐಡಿಯಾ ಇದಕ್ಕೆ ಪೂರ್ತಿ ಉಲ್ಟಾ: ಒಂದು ಪ್ರೋಗ್ರಾಮಿಗೆ ಹುಟ್ಟುವಾಗ ಯಾವ ಹಕ್ಕೂ ಇರಬಾರದು, ಬೇಕಾದದ್ದನ್ನು ಒಂದೊಂದಾಗಿ ಎಣಿಸಿ ಕೊಡಬೇಕು. ಹಾಗಾಗಿ ಜಿರ್ಕಾನ್‌ನಲ್ಲಿ ಫೋರ್ಕ್ ಇಲ್ಲವೇ ಇಲ್ಲ. ಒಳ್ಳೆಯ ತೀರ್ಮಾನ ಅಂತಲೇ ನನಗನಿಸುತ್ತದೆ. ಆದರೆ ನಾವು ಟೈಪ್ ಮಾಡಿದ ಆಜ್ಞೆ ನಡೆಸುವ ಶೆಲ್ ಫೋರ್ಕ್ ಮಾಡುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಪ್ರತಿ ಕನೆಕ್ಷನ್‌ಗೂ ಫೋರ್ಕ್ ಮಾಡುತ್ತದೆ. ಹಳೆಯ ಸಾವಿರಾರು ಪ್ರೋಗ್ರಾಂಗಳು ಮಾಡುತ್ತವೆ. ಕೊನೆಗೆ ಗೂಗಲ್‌ನವರು ಏನು ಮಾಡಿದರು? ಸ್ಟಾರ್ನಿಕ್ಸ್ ಅಂತ ಒಂದು ಪದರ ಬರೆದರು. ಲಿನಕ್ಸ್ ಪ್ರೋಗ್ರಾಂಗಳು ತಾವು ಲಿನಕ್ಸ್ ಮೇಲೆಯೇ ಇದ್ದೇವೆ ಎಂದುಕೊಂಡು ಅದರ ಮೇಲೆ ಓಡುತ್ತವೆ.

ಮಿನಿಕ್ಸ್ 3 ಕೂಡ ಇದೇ ದಾರಿ ಹಿಡಿಯಿತು. ಡ್ರೈವರ್ ಸತ್ತರೆ ಅದನ್ನು ತಾನೇ ಮತ್ತೆ ಎಬ್ಬಿಸುವ ಸೊಗಸಾದ ಕರ್ನಲ್ ಅದರದು. ಪ್ರೋಗ್ರಾಂ ಸಾಲದು ಅಂತ ಕರ್ನಲ್‌ನ ಮೇಲಿನ ಭಾಗಕ್ಕೆ ಅದೇ ಯುನಿಕ್ಸ್ ಕುಟುಂಬದ ನೆಟ್‌ಬಿಎಸ್‌ಡಿಯಿಂದ ಸಾಮಾನು ತಂದು ಹಾಕಿಕೊಂಡಿತು.

ಬೆಲ್ ಲ್ಯಾಬ್ಸ್‌ನಲ್ಲಿ ಪ್ಲಾನ್ 9 ಕಟ್ಟಿದವರಲ್ಲಿ ಒಬ್ಬರಾದ ರಾಬ್ ಪೈಕ್ 2000ದಲ್ಲಿ ಒಂದು ಭಾಷಣದಲ್ಲಿ ಇದರ ಲೆಕ್ಕ ಹೇಳಿದ್ದರು. ಪ್ಲಾನ್ 9ಕ್ಕೆ ಹಾಕಿದ ಶ್ರಮದಲ್ಲಿ ಶೇಕಡಾ 90ರಿಂದ 95ರಷ್ಟು ಪಾಲು ಹೊರಗಿನವರು ಮಾಡಿದ ಸ್ಟ್ಯಾಂಡರ್ಡ್‌ಗಳನ್ನು ಪಾಲಿಸಲಿಕ್ಕೇ ಹೋಯಿತು ಎಂಬುದು ಅವರ ಅಂದಾಜು. ನೆಟ್‌ವರ್ಕ್, ಮೇಲ್, ವೆಬ್, ಬೇರೆಯವರ ಫೈಲ್ ಹಂಚುವ ಪದ್ಧತಿ, ಹೀಗೆ. ಯುನಿಕ್ಸ್ ಬರೆದ ತಂಡದಿಂದಲೇ ಬಂದ ಓಎಸ್‌ನ ಕಥೆ ಇದು! ಅದೂ ಇವತ್ತಿನ ಬ್ರೌಸರ್ ಹುಟ್ಟುವ ಮೊದಲು.

ಹೀಗೆ ಎರಡೂ ಕಡೆ ಪೆಟ್ಟು. ಹಳೆಯದರ ಥರ ನಟಿಸದಿದ್ದರೆ ಪ್ರೋಗ್ರಾಂ ಇಲ್ಲ. ಚೆನ್ನಾಗಿ ನಟಿಸಿದರೆ ನೋಡುವವರು ಕೇಳುತ್ತಾರೆ: ‘ಎಲ್ಲ ಲಿನಕ್ಸ್ ಥರವೇ ಇದೆಯಲ್ಲ, ಲಿನಕ್ಸನ್ನೇ ಬಳಸಬಹುದಲ್ವಾ?’ ಈ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಇಲ್ಲದ ಓಎಸ್‌ಗೆ ಡೆವಲಪರೂ ಬರುವುದಿಲ್ಲ, ದುಡ್ಡು ಕೊಡುವವರೂ ಬರುವುದಿಲ್ಲ.

ಡೆವಲಪರ್‌ಗಳ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಇದೆ. ಪ್ರಯೋಗದ ಓಎಸ್ ಕಡೆ ಬರುವವರಿಗೆ ಬೇಕಾಗಿರುವುದು ರಸವತ್ತಾದ ಕೆಲಸ. ಕೆಲಸ ಹಂಚುವ ಷೆಡ್ಯೂಲರ್, ಮೆಮೊರಿ ನಿರ್ವಹಣೆ, ಹೊಸ ಫೈಲ್ ಸಿಸ್ಟಮ್. ಅದನ್ನೆಲ್ಲ ಶುರು ಮಾಡಿದವರು ಆಗಲೇ ಬರೆದು ಮುಗಿಸಿರುತ್ತಾರೆ. ಉಳಿದಿರುವುದು ಬ್ಲೂಟೂತ್, ಪ್ರಿಂಟರ್, ನಿದ್ದೆಗೆ ಹೋದ ಲ್ಯಾಪ್‌ಟಾಪ್ ಏಳದೇ ಇರುವ ಬಗ್. ಸಂಬಳ ಕೊಟ್ಟರೂ ಜನ ಹಿಂದೇಟು ಹಾಕುವ ಕೆಲಸವನ್ನು ಸಂಜೆ ಹೊತ್ತು ಪುಕ್ಕಟೆ ಯಾರು ಮಾಡುತ್ತಾರೆ? ಸ್ವಲ್ಪ ಜಾಣರಾದವರು ‘ನಾನೇ ಒಂದು ಓಎಸ್ ಬರೆಯುತ್ತೇನೆ’ ಅಂತ ಹೊರಡುತ್ತಾರೆ. ಇದ್ದ ಹತ್ತು ಜನ ಹತ್ತು ಓಎಸ್‌ಗೆ ಹಂಚಿ ಹೋಗುತ್ತಾರೆ. ಇದಕ್ಕೆ ಅವರನ್ನು ಬೈಯುವ ಹಾಗೂ ಇಲ್ಲ, ಇನ್ನೊಬ್ಬರ ಅರ್ಧ ಮುಗಿದ ಕರ್ನಲ್ ಓದುವುದಕ್ಕಿಂತ ಸ್ವಂತದ್ದು ಬರೆಯುವುದು ನಿಜಕ್ಕೂ ಜಾಸ್ತಿ ಮಜಾ.

ಕಲಿತದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅನ್ನುವ ಪ್ರಶ್ನೆಯೂ ಇದೆ. ಲಿನಕ್ಸ್ ಕರ್ನಲ್‌ಗೆ ಒಂದು ಒಳ್ಳೆಯ ಪ್ಯಾಚ್ (ತಿದ್ದುಪಡಿ) ಬರೆದವರಿಗೆ ಅದೇ ಪರಿಚಯ ಪತ್ರ. ರಸ್ಟ್ ಭಾಷೆಯಲ್ಲಿ ಕರ್ನಲ್ ಬರೆಯುವ ಆಸೆಯಿಂದ ರೆಡಾಕ್ಸ್ 2015ರಲ್ಲಿ ಶುರುವಾಯಿತು. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1ರಲ್ಲಿ ರಸ್ಟ್‌ಗೆ ಮೊದಲ ಜಾಗ ಸಿಕ್ಕಿತು. ಅಲ್ಲಿಗೆ ರಸ್ಟ್ ಪ್ರಿಯರಿಗೆ ಹೊಸ ಕರ್ನಲ್ ಕಡೆ ಹೋಗುವ ಒಂದು ಕಾರಣ ಕಮ್ಮಿಯಾಯಿತು.

‘ಲಿನಕ್ಸ್ ಕೂಡ ಒಂದು ಕಾಲಕ್ಕೆ ಹವ್ಯಾಸವೇ ಆಗಿತ್ತಲ್ಲ’ ಎಂದು ನೀವು ಕೇಳಬಹುದು. ಹೌದು. 1991ರ ಆಗಸ್ಟ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಪ್ರಕಟಿಸಿದಾಗ ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲ್ಲ ಅಂತಲೇ ಬರೆದರು. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿದೆ: ಬ್ಯಾಷ್ ಶೆಲ್ ಮತ್ತು ಜಿಸಿಸಿ ಕಂಪೈಲರ್ ಆಗಲೇ ಪೋರ್ಟ್ ಆಗಿವೆ. ಅಂದರೆ ಗ್ನೂ ಯೋಜನೆ ವರ್ಷಗಟ್ಟಲೆ ಕೂಡಿಸಿಟ್ಟ ಸಾಮಾನೆಲ್ಲ ಅದಕ್ಕೆ ಸಿದ್ಧವಾಗಿ ಸಿಕ್ಕಿತು. ಬೇಕಿದ್ದದ್ದು ಒಂದು ಕರ್ನಲ್. ಲಿನಕ್ಸ್‌ನ ವಿನ್ಯಾಸದಲ್ಲಿ ಪ್ರಯೋಗ ಅನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಮಿನಿಕ್ಸ್ ಬರೆದ ಆಂಡ್ರೂ ಟನನ್‌ಬಾಮ್ 1992ರ ಜನವರಿಯಲ್ಲಿ ಅದನ್ನು ‘ಹಳತಾಗಿ ಹೋದದ್ದು’ ಎಂದೇ ಕರೆದಿದ್ದರು. ವಿನ್ಯಾಸದ ಮಟ್ಟಿಗೆ ಅವರ ಮಾತಲ್ಲಿ ಹುರುಳಿತ್ತು. ಆದರೆ ಹಳೆಯ ಥರದ್ದಾಗಿದ್ದೇ ಲಿನಕ್ಸ್‌ಗೆ ಅನುಕೂಲವಾಯಿತು, ಯುನಿಕ್ಸ್ ಬಲ್ಲವರು ಬಂದ ದಿನವೇ ಕೆಲಸ ಶುರು ಮಾಡಬಹುದಿತ್ತು. ಗ್ನೂನವರದೇ ಆದ ಹರ್ಡ್ ಅದಕ್ಕೂ ಮೊದಲು, 1990ರಲ್ಲಿ ಶುರುವಾಗಿತ್ತು. ಮೈಕ್ರೋಕರ್ನಲ್ ಮೇಲೆ, ಅಂದರೆ ತೀರಾ ಅಗತ್ಯದ್ದನ್ನಷ್ಟೇ ಒಳಗಿಟ್ಟುಕೊಂಡ ಪುಟ್ಟ ಕರ್ನಲ್ ಮೇಲೆ, ಹೊಸ ರೀತಿಯಲ್ಲಿ ಕಟ್ಟುವ ಆಸೆ ಅದಕ್ಕೆ. ಹರ್ಡ್‌ನ 1.0 ಆವೃತ್ತಿ ಇನ್ನೂ ಬಂದಿಲ್ಲ.

ಪ್ಲಾನ್ 9ಕ್ಕೆ ಇನ್ನೊಂದು ಶಾಪ ಇತ್ತು. 1992ರಲ್ಲಿ ವಿಶ್ವವಿದ್ಯಾಲಯಗಳಿಗೆ ಕೊಟ್ಟರು, 1995ರಲ್ಲಿ ದುಡ್ಡಿಗೆ ಮಾರಿದರು. ಎಲ್ಲರಿಗೂ ಕೋಡ್ ತೆರೆದದ್ದು 2000ದಲ್ಲಿ. ಲಿನಕ್ಸ್ ಇಡೀ ಒಂದು ಪೀಳಿಗೆಯ ಉತ್ಸಾಹಿಗಳನ್ನು ಸೆಳೆದುಕೊಂಡದ್ದು ಆ ನಡುವಿನ ವರ್ಷಗಳಲ್ಲೇ.

ಇನ್ನು ದುಡ್ಡು ಕೊಡುವವರು. ಕಂಪನಿ, ಸಂಶೋಧನಾ ಅನುದಾನ, ದೇಣಿಗೆ ಅಂತ ಮೂರು ಕಡೆಯಿಂದ ಬರಬಹುದು. ಮೂವರಿಗೂ ಅವರವರದೇ ಲೆಕ್ಕ.

ಕಂಪನಿಗೆ ತಾಳ್ಮೆ ಕಮ್ಮಿ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಸಿಂಗ್ಯುಲಾರಿಟಿಯಿಂದ ಮಿಡೋರಿ ಎಂಬ ಓಎಸ್ ಹುಟ್ಟಿತು. ವರ್ಷಗಟ್ಟಲೆ ಕೆಲಸ ನಡೆಯಿತು. ಆಮೇಲೆ ಮುಚ್ಚಿದರು, ಕೆಲವು ಯೋಚನೆಗಳು ಸಿ ಶಾರ್ಪ್ ಭಾಷೆಗೆ ಬಂದವು, ಓಎಸ್ ಮಾತ್ರ ಜನರ ಕೈಗೆ ಬರಲೇ ಇಲ್ಲ. ಫ್ಯೂಷಿಯಾ ಒಂದು ಹೆಜ್ಜೆ ಮುಂದೆ ಹೋಯಿತು. 2021ರಲ್ಲಿ ಗೂಗಲ್ ತನ್ನ ಮೊದಲ ನೆಸ್ಟ್ ಹಬ್ ಸಾಧನಗಳ ಒಳಗೆ ಓಎಸ್ ಬದಲಿಸಿ ಫ್ಯೂಷಿಯಾ ಹಾಕಿತು. ಬಳಸುವವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಎಂಜಿನಿಯರ್‌ಗಳಿಗೆ ಅದು ದೊಡ್ಡ ಗೆಲುವು. ಆದರೆ ಖರ್ಚಿನ ಪಟ್ಟಿ ನೋಡುವ ಮ್ಯಾನೇಜರ್‌ಗೆ ಇದನ್ನು ಹೇಗೆ ವಿವರಿಸುತ್ತೀರಿ? ‘ಇಷ್ಟು ವರ್ಷ, ಇಷ್ಟು ಜನ, ಗಿರಾಕಿಗೆ ಏನೂ ಗೊತ್ತಾಗಿಲ್ಲ ಸಾರ್!’ 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆದಾಗ ಫ್ಯೂಷಿಯಾ ತಂಡಕ್ಕೂ ಪೆಟ್ಟು ಬಿತ್ತು.

ಅನುದಾನದ ಕಥೆಗೆ ಮಿನಿಕ್ಸ್ ಒಳ್ಳೆಯ ಉದಾಹರಣೆ. 2008ರಲ್ಲಿ ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಟನನ್‌ಬಾಮ್ ಅವರಿಗೆ 25 ಲಕ್ಷ ಯುರೋ ಕೊಟ್ಟಿತು. ಅನುದಾನ ಇರುವಷ್ಟು ದಿನ ವಿದ್ಯಾರ್ಥಿಗಳು, ಪ್ರೋಗ್ರಾಮರ್‌ಗಳು ಇದ್ದರು. 2014ರಲ್ಲಿ 3.3.0 ಆವೃತ್ತಿ ಬಂತು, ಟನನ್‌ಬಾಮ್ ನಿವೃತ್ತರಾದದ್ದೂ ಅದೇ ವರ್ಷ. ಅದರ ನಂತರ ಅಂತಿಮ ರೂಪದ ಹೊಸ ಆವೃತ್ತಿ ಬರಲಿಲ್ಲ. ಸಂಶೋಧನೆಯ ಜಗತ್ತಿನಲ್ಲಿ ಪ್ರಬಂಧ ಅಚ್ಚಾದರೆ, ವಿದ್ಯಾರ್ಥಿಗೆ ಡಾಕ್ಟರೇಟ್ ಬಂದರೆ ಕೆಲಸ ಮುಗಿದ ಹಾಗೆ. ಮುಂದಿನ ಹತ್ತು ವರ್ಷ ಬಗ್ ಸರಿಪಡಿಸುತ್ತಾ ಕೂರಲು ಯಾವ ಅನುದಾನವೂ ಇಲ್ಲ.

ಆದರೆ ಮಿನಿಕ್ಸ್ ಸತ್ತಿತಾ? ಇಲ್ಲಿ ಕಥೆಗೆ ಒಂದು ತಿರುವು ಇದೆ. 2017ರಲ್ಲಿ ಹೊರಬಂದ ಸಂಗತಿ ಏನೆಂದರೆ, ಇಂಟೆಲ್ ತನ್ನ ಚಿಪ್‌ಸೆಟ್ ಒಳಗಿನ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದದ್ದು ಮಿನಿಕ್ಸನ್ನು. ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳಲ್ಲಿ ಅದು ಸದ್ದಿಲ್ಲದೆ ಇತ್ತು. ಟನನ್‌ಬಾಮ್ ಇಂಟೆಲ್‌ಗೆ ಒಂದು ಬಹಿರಂಗ ಪತ್ರ ಬರೆದರು. ಹಿಂದೊಮ್ಮೆ ಇಂಟೆಲ್ ಎಂಜಿನಿಯರ್‌ಗಳು ಮಿನಿಕ್ಸ್ ಬಗ್ಗೆ ಏನೇನೋ ಕೇಳಿದ್ದರು, ಕೆಲವು ಬದಲಾವಣೆಯನ್ನೂ ಬಯಸಿದ್ದರು, ಆಮೇಲೆ ಸುದ್ದಿಯೇ ಇರಲಿಲ್ಲ ಎಂದು ನೆನಪಿಸಿಕೊಂಡರು. ಲೈಸೆನ್ಸ್ ಪ್ರಕಾರ ಇಂಟೆಲ್ ಹೇಳಬೇಕಾಗಿಯೂ ಇರಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಸುಮ್ನೆ ಒಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತು ಎಂಬುದಷ್ಟೇ ಅವರ ಬೇಸರ.

ಇದು ಹಣ ಕೊಡುವವರನ್ನು ಇನ್ನಷ್ಟು ಹಿಂದಕ್ಕೆ ಎಳೆಯುತ್ತದೆ. ಒಳ್ಳೆಯ ಐಡಿಯಾ ಹೇಗೂ ಹೊರಗೆ ಬರುತ್ತದೆ, ಕಾದು ಕೂತರೆ ಪುಕ್ಕಟೆ ಸಿಗುತ್ತದೆ. ಪ್ಲಾನ್ 9ಕ್ಕಾಗಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿ ಕಂಡುಹಿಡಿದರು. ನೀವು ಈಗ ಓದುತ್ತಿರುವ ಕನ್ನಡವೂ ಯುಟಿಎಫ್-8ರಲ್ಲೇ ಇದೆ, ‘ಕ’ ಅನ್ನೋದು ಅದರಲ್ಲಿ ಮೂರು ಬೈಟ್. ಪ್ರತಿ ಪ್ರೋಸೆಸ್‌ಗೂ ತನ್ನದೇ ಫೈಲ್ ಲೋಕ ಕಾಣಬೇಕೆಂಬ ಪ್ಲಾನ್ 9ರ ಯೋಚನೆ ಲಿನಕ್ಸ್‌ಗೆ ಹೋಗಿ ಪ್ರೋಗ್ರಾಂಗಳನ್ನು ಒಂದರಿಂದೊಂದು ಬೇರೆ ಇಟ್ಟು ಓಡಿಸುವ ಇವತ್ತಿನ ಕಂಟೈನರ್‌ಗಳಿಗೆ ತಳಹದಿಯಾಯಿತು. ಅದರ 9ಪಿ ಎಂಬ ಫೈಲ್ ಹಂಚುವ ಪದ್ಧತಿ ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್‌ನಲ್ಲಿ ಕೆಲಸ ಮಾಡುತ್ತಿದೆ. ಮಿರಾಜ್ ಎಂಬ ಇನ್ನೊಂದು ಪ್ರಯೋಗದ ಓಎಸ್‌ನ ಹಿಂದಿದ್ದ ತಂಡದ ಕಂಪನಿಯನ್ನು ಕಂಟೈನರ್ ಸಾಫ್ಟ್‌ವೇರ್ ಮಾಡುವ ಡಾಕರ್ 2016ರಲ್ಲಿ ಕೊಂಡಿತು, ಅವರ ನೆಟ್‌ವರ್ಕ್ ಕೋಡ್ ಡಾಕರ್ ಡೆಸ್ಕ್‌ಟಾಪ್‌ನೊಳಗೆ ಸೇರಿತು. ಪ್ಲಾನ್ 9 ಆಗಲಿ ಮಿರಾಜ್ ಆಗಲಿ ಸೋತವು ಅಂತ ಹೇಳಲು ನನಗೆ ಮನಸ್ಸಿಲ್ಲ. ಆದರೆ ಈ ಗೆಲುವಿನಿಂದ ಓಎಸ್ ನಡೆಸುವವರ ಖಾತೆಗೆ ಏನೂ ಬರುವುದಿಲ್ಲ.

ಹಾಗಾದರೆ ಯಾವಾಗ ದುಡ್ಡು ಬರುತ್ತದೆ? ‘ಲಿನಕ್ಸ್ ಯಾಕೆ ಬೇಡ’ ಎಂಬುದಕ್ಕೆ ಚಿಕ್ಕ ಉತ್ತರ ಇರುವಾಗ. ಎಸ್ಇಎಲ್4 ಎಂಬ ಆಸ್ಟ್ರೇಲಿಯಾದ ಮೈಕ್ರೋಕರ್ನಲ್‌ಗೆ ಅಂಥ ಉತ್ತರ ಇತ್ತು. ಬರೆದದ್ದು ಬರೀ 8,700 ಸಾಲು ಸಿ ಕೋಡ್. ಆ ಕೋಡ್ ತನ್ನ ವಿವರಣೆಗೆ ತಕ್ಕಂತೆಯೇ ನಡೆಯುತ್ತದೆ ಎಂದು 2009ರಲ್ಲಿ ಗಣಿತದಿಂದ ಸಾಬೀತು ಮಾಡಿ ತೋರಿಸಿದರು. ಕೋಟಿಗಟ್ಟಲೆ ಸಾಲಿನ ಲಿನಕ್ಸ್‌ಗೆ ಇದನ್ನು ಮಾಡುವುದು ಆಗದ ಮಾತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಆಸಕ್ತಿ ತೋರಿಸಿತು, ಪೈಲಟ್ ಇಲ್ಲದೆ ಹಾರುವ ಹೆಲಿಕಾಪ್ಟರಿನಲ್ಲಿ ಪರೀಕ್ಷೆ ಆಯಿತು. ಹೀಗಿದ್ದೂ 2021ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಸ್ಥೆ ಸಿಎಸ್‌ಐಆರ್‌ಓ ಆ ತಂಡವನ್ನೇ ಕೈಬಿಟ್ಟಿತು. ಅದಕ್ಕೂ ಹಿಂದಿನ ವರ್ಷ ಎಸ್ಇಎಲ್4 ಪ್ರತಿಷ್ಠಾನ ಅಂತ ಬೇರೆ ಮಾಡಿಕೊಂಡಿದ್ದರಿಂದ ಯೋಜನೆ ಉಳಿಯಿತು. ಚೀನಾದ ಹುವಾವೆ ಕಂಪನಿಯದು ಇನ್ನೊಂದು ಥರ. 2019ರಲ್ಲಿ ಅಮೆರಿಕದ ನಿರ್ಬಂಧದಿಂದ ಗೂಗಲ್ ಸೇವೆಗಳು ಕೈತಪ್ಪಿದವು. ಹಳೆಯ ದಾರಿಯೇ ಮುಚ್ಚಿದ ಮೇಲೆ ಹಾರ್ಮನಿ ಓಎಸ್‌ಗೆ ಯಾಕೆ ಖರ್ಚು ಅಂತ ಕೇಳುವವರೇ ಇರಲಿಲ್ಲ. 2024ರಲ್ಲಿ ಆಂಡ್ರಾಯ್ಡ್ ಕೋಡನ್ನೂ ತೆಗೆದ ಆವೃತ್ತಿ ಬಂತು. ಅಂಥ ಒತ್ತಡ, ಅಂಥ ಗಾತ್ರದ ಕಂಪನಿ ಎಲ್ಲರಿಗೂ ಇರಲ್ಲ.

ಉಳಿದವರು ಸಣ್ಣ ಸಣ್ಣದಾಗಿ ಕೂಡಿಸುತ್ತಾರೆ. ಹೈಕು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದಿದೆ. 2024ರಲ್ಲಿ ಐದನೇ ಬೀಟಾ (ಪರೀಕ್ಷಾ ಆವೃತ್ತಿ) ಬಂತು. ದೇಣಿಗೆ ಹಣದಲ್ಲಿ ಒಬ್ಬ ಡೆವಲಪರ್‌ಗೆ ಪೂರ್ತಿ ಹೊತ್ತಿನ ಕೆಲಸ ಕೊಡಲು ಸಾಧ್ಯವಾದದ್ದು 2021ರಲ್ಲಿ. ಒಬ್ಬರೇ ಆದರೂ, ಯಾರೂ ಕೈ ಹಾಕದ ಬಗ್‌ಗಳನ್ನು ದಿನಾ ಕೂತು ಬಿಡಿಸುವವರು ಇದ್ದಾರೆ ಅನ್ನೋದು ಸಣ್ಣ ವಿಷಯವಲ್ಲ.

ಯುರೋಪಿನಲ್ಲಿ ಎನ್ಎಲ್‌ನೆಟ್ ಎಂಬ ಪ್ರತಿಷ್ಠಾನ ಇದೆ. ಮೊದಲ ಸಲ ಕೇಳುವವರಿಗೆ ಸಾಮಾನ್ಯವಾಗಿ 5,000ದಿಂದ 50,000 ಯುರೋ ಕೊಡುತ್ತದೆ. ‘ನಮ್ಮ ಓಎಸ್‌ಗೆ ಸಹಾಯ ಮಾಡಿ’ ಅಂದರೆ ಸಾಲದು. ಯಾವ ಭಾಗ, ಯಾವ ಹಂತ, ಮುಗಿದಾಗ ಏನು ಇರುತ್ತದೆ ಅಂತ ಬರೆದು ಕೊಡಬೇಕು. ರೆಡಾಕ್ಸ್‌ಗೆ ಹೀಗೆ ಹಣ ಬಂದದ್ದು ಯಾವುದಕ್ಕೆ ಗೊತ್ತಾ? ಯುನಿಕ್ಸ್ ಮಾದರಿಯ ಸಿಗ್ನಲ್ ವ್ಯವಸ್ಥೆಗೆ. ಓಡುತ್ತಿರುವ ಪ್ರೋಗ್ರಾಮನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸುತ್ತೇವಲ್ಲ, ಅದರ ಹಿಂದಿರುವುದು ಇದೇ. ರಸ್ಟ್‌ನಲ್ಲಿ ಬರೆದ ಹೊಸ ಮೈಕ್ರೋಕರ್ನಲ್‌ಗೆ ದುಡ್ಡು ಹುಟ್ಟಿದ್ದು ಹಳೆಯ ಯುನಿಕ್ಸ್‌ನ ಒಂದು ರೂಢಿಯನ್ನು ಅನುಕರಿಸಲಿಕ್ಕೆ. ರೆಡಾಕ್ಸ್‌ನವರು ಅದನ್ನೂ ತಮ್ಮ ರೀತಿಯಲ್ಲೇ ಮಾಡಿದರು. ಸಿಗ್ನಲ್ ಸಂಭಾಳಿಸುವ ಕೆಲಸದ ಬಹುಪಾಲನ್ನು ಕರ್ನಲ್‌ನಿಂದ ಹೊರಗೆ ತಂದು ರೆಲಿಬ್‌ಸಿ ಎಂಬ ತಮ್ಮ ಸಿ ಲೈಬ್ರರಿಯೊಳಗೆ ಇಟ್ಟರು. ಹಳೆಯ ಪ್ರೋಗ್ರಾಂಗಳಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.